ಉಸಿರುಗಂಡಿಯಿಲ್ಲದ ಮಡಕೆ

"ಮೇಷ್ಟ್ರೇ, ಈ ಸೂಜಿಗೆ ಕೆಂಪು ನೂಲು ಎಲ್ಲಿಂದ ಬಂತು?"

ಭಟ್ಟಿ ಮೇಷ್ಟ್ರು ತಿರುಗಿ ನೋಡಲಿಲ್ಲ. ಗ್ಯಾಸಿನ ತಿರುಪಿನ ಮೇಲೆ ಅವರ ಕೈ, ಶಾಖಮಾಪಕದ ಮುಳ್ಳಿನ ಮೇಲೆ ಅವರ ಕಣ್ಣು. "ಯಾವ ಸೂಜಿ, ಕಿವಿಯಕ್ಕ?"

"ಮಣ್ಣುಂಡೆಗೆ ಚುಚ್ಚಿಟ್ಟಿದೀರಲ್ಲ, ಮರದ ಹಿಡಿಯದ್ದು."

"ಅದಾ? ಮಡಕೆಗೆ ತೂತು ಹಾಕೋ ಸೂಜಿ. ಬ್ರಷ್ಷಿನ ಕೂದಲು ಅಂಟಿರಬೇಕು, ಬಿಡಿ."

ಕಿವಿಯಕ್ಕ ಬಿಡುವ ಜಾಯಮಾನದವಳಲ್ಲ. ಸೂಜಿಯನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಕಿಕಾಳಿನಷ್ಟುದ್ದದ ಎಳೆ. ಬ್ರಷ್ಷಿನ ಕೂದಲಾದರೆ ಸೆಟೆದು ನೇರ ನಿಲ್ಲುತ್ತದೆ. ಇದು ಹುರಿಗೊಂಡಿತ್ತು, ಬೆರಳಲ್ಲಿ ಹೊರಳಿಸಿದರೆ ಮಿನುಗುತ್ತಿತ್ತು. ರೇಷ್ಮೆ.

ಅವಳ ಕಣ್ಣು ಗಡಿಯಾರಕ್ಕೆ ಹಾರಿತು.

ನಾಲ್ಕು ದಿನದ ಹಿಂದೆ ಕಚೇರಿಯ ಬೀರುವಿನಿಂದ ಮಾಯವಾದ ದಾನಪತ್ರಕ್ಕೆ ಸುತ್ತಿದ್ದು ಕೆಂಪು ರೇಷ್ಮೆ ದಾರ. ಆ ಪತ್ರದ ಅಸಲನ್ನು ಇವತ್ತು ಸಂಜೆ ಐದೂವರೆಯೊಳಗೆ ನಗರಸಭೆಯ ಮೇಜಿನ ಮೇಲೆ ಇಡದಿದ್ದರೆ, ಈ ಕಲಾಕೇಂದ್ರ, ಊರವರ ಬಾಯಲ್ಲಿ ಬರೀ 'ಶೆಡ್ಡು', ನಾಳೆಯಿಂದ ಕಾರು ನಿಲ್ಲಿಸುವ ಜಾಗ.

ಗೋಡೆ ಗಡಿಯಾರದಲ್ಲಿ ಎರಡು ಇಪ್ಪತ್ತು.

"ಮೇಷ್ಟ್ರೇ, ಇವತ್ತು ಈ ಸೂಜೀನ ಎಷ್ಟು ಮಡಕೆಗೆ ಹಾಕಿದ್ರಿ?"

"ಒಂದಕ್ಕೇ." ಅವರು ಈಗ ತಿರುಗಿದರು. "ಬೆಳಿಗ್ಗೆ ಭಟ್ಟಿ ತುಂಬುವಾಗ ಕೈಗೆ ಬಂತು. ಸೋರೆಕಾಯಿ ಹಾಗಿತ್ತು. ಬಾಯೇ ಇಲ್ಲ, ಪೂರಾ ಮುಚ್ಚಿಬಿಟ್ಟಿದಾರೆ. ಯಾರೋ ಹೊಸಬರ ಕೆಲಸ. ಮುಚ್ಚಿದ ಮಡಕೆಗೆ ಒಂದು ಉಸಿರುಗಂಡಿ ಬಿಡಬೇಕು ಅಂತ ಬಡ್ಕೊಂಡು ಬಡ್ಕೊಂಡು ಹೇಳ್ತೀನಿ. ಇಲ್ದಿದ್ರೆ ಬೆಂಕಿಗೆ ಢಮಾರ್ ಅಂದು ಅಕ್ಕಪಕ್ಕದ ಹತ್ತು ಮಡಕೇನೂ ಜೊತೆಗೆ ಕರ್ಕೊಂಡು ಹೋಗತ್ತೆ. ಅದಕ್ಕೆ ನಾನೇ ಸೂಜಿ ತಿರುವಿ ತಿರುವಿ ಒಂದು ತೂತು ಕೊರೆದೆ."

"ತಟ್ಟಿ ನೋಡಿದ್ರಾ?"

"ತಟ್ಟದೆ ನಾನು ಯಾವ ಮಡಕೇನೂ ಒಳಗಿಡಲ್ಲ, ನಿಮಗೇ ಗೊತ್ತು."

"ಏನಂತು?"

ಮೇಷ್ಟ್ರು ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡರು. ಒಣಗಿದ ಮಡಕೆ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಮಾತಾಡುತ್ತದೆ, ಹಸಿಯಿದ್ದರೆ ಮುನಿಸಿಕೊಂಡವರಂತೆ ದೊಪ್ಪೆನ್ನುತ್ತದೆ. ಈ ವಿದ್ಯೆಯನ್ನು ಅವರು ಇಡೀ ಬೀದಿಗೆ ಕಲಿಸಿದ್ದರು. "ತಟ್ಟಿದ್ರೆ ಸರಿಯಾಗೇ ಇತ್ತು. ಎತ್ತಿದಾಗ ಮಾತ್ರ ಒಳಗೆ ಏನೋ ಸರಕ್ ಅಂತು. ಒಣಗಿದ ಎಲೆ ಸರಿದ ಹಾಗೆ. ಮಣ್ಣಿನ ಚಕ್ಕೆ ಉದುರಿದೆ ಅಂದ್ಕೊಂಡೆ."

"ಮಣ್ಣಿನ ಚಕ್ಕೆ ಟಕಟಕ ಅನ್ನತ್ತೆ ಮೇಷ್ಟ್ರೇ. ಸರಕ್ ಅನ್ನೋದು ಕಾಗದ."

ಹೇಳಿದವಳು ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದವಳು. ಊರಿನ ಅರ್ಧದಷ್ಟು ಕಿವಿಗಳ ಗುಟ್ಟು ಅವಳಿಗೆ ಗೊತ್ತು. ಸದ್ದಿನ ವಿಷಯದಲ್ಲಿ ಅವಳೊಂದಿಗೆ ವಾದಕ್ಕಿಳಿಯುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇಬ್ಬರೂ ಒಟ್ಟಿಗೆ ಭಟ್ಟಿಯ ಕಡೆ ನೋಡಿದರು. ಆಳೆತ್ತರದ ಇಟ್ಟಿಗೆಯ ಗೂಡು, ಕಬ್ಬಿಣದ ಬಾಗಿಲು, ಒಳಗೆ ಗ್ಯಾಸಿನ ಉರಿಯ ಗುಂಯ್‌ಗುಟ್ಟುವ ಸದ್ದು. ಒಂದು ಕಾಲಕ್ಕೆ ಬಸ್ಸುಗಳನ್ನು ತೊಳೆಯುತ್ತಿದ್ದ ಜಾಗ ಅದು. ಬಸ್ ಕಂಪನಿಯ ಯಜಮಾನಿ ಸಾಯುವ ಮುಂಚೆ ಇಡೀ ಶೆಡ್ಡನ್ನು ಊರಿಗೆ ಬರೆದುಕೊಟ್ಟಿದ್ದಳು. ಊರವರು ತಮ್ಮ ಕೈಯಿಂದ ಏನಾದರೂ ಮಾಡುತ್ತಿರುವಷ್ಟು ಕಾಲ ಇದು ಅವರದೇ ಎಂದು.

"ಮಾಪಕ ಎಷ್ಟು ತೋರಿಸ್ತಿದೆ?"

"ನೂರ ಅರವತ್ತೈದು ಡಿಗ್ರಿ."

"ಕಾಗದ ಎಷ್ಟಕ್ಕೆ ಹೋಗತ್ತೆ?"

"ಇನ್ನೂರು ದಾಟಿದ್ರೆ ಕಂದು ತಿರುಗತ್ತೆ. ಇನ್ನೂರ ಮೂವತ್ತಕ್ಕೆ..." ಮೇಷ್ಟ್ರು ಬೆರಳುಗಳನ್ನು ಉದುರಿಸಿ ತೋರಿಸಿದರು. "ಇಪ್ಪತ್ತು ನಿಮಿಷ, ಬಹಳ ಅಂದ್ರೆ ಇಪ್ಪತ್ತೈದು."

"ಹಾಗಾದ್ರೆ ಆರಿಸಿ! ಬಾಗಿಲು ತೆಗೀರಿ!"

ಮೇಷ್ಟ್ರ ಕೈ ತಿರುಪಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಕಿವಿಯಕ್ಕ, ಒಳಗೆ ಅರವತ್ತು ಮಡಕೆ ಇದೆ. ನಲವತ್ತೆರಡು ಜನರದ್ದು. ಈಗ ತಣ್ಣನೆ ಗಾಳಿ ಬಿಟ್ರೆ ಒಂದೊಂದೇ ಬಿರುಕು ಬಿಡತ್ತೆ. ಮೂರು ತಿಂಗಳ ಕೆಲಸ. ಒಳಗೆ ಪತ್ರ ಇಲ್ದೇ ಹೋದ್ರೆ?"

"ಇದ್ರೆ?"

"ಇದ್ರೆ ನನ್ನ ಕಥೆ ಮುಗೀತು." ಅವರ ದನಿ ತಗ್ಗಿತು. "ನಿನ್ನೆ ನಿಮ್ಮ ಸೊಸೆ ನನ್ನನ್ನ ಠಾಣೇಲಿ ಎರಡು ಗಂಟೆ ಕೂರಿಸಿದ್ಲು. ಬೀರುವಿನ ಬೀಗದಕೈ ಇರೋದು ನಮ್ಮ ಕೇಂದ್ರದ ಅಧ್ಯಕ್ಷರ ಹತ್ರ, ನನ್ನ ಹತ್ರ. ಅಧ್ಯಕ್ಷರು ಆವತ್ತು ಊರಲ್ಲೇ ಇರಲಿಲ್ಲ. ಈಗ ಪತ್ರ ನನ್ನ ಭಟ್ಟಿಯೊಳಗೇ ಸಿಕ್ತು ಅನ್ನಿ. ಸುಟ್ಟು ಬೂದಿ ಮಾಡೋಕೆ ನಾನೇ ಇಟ್ಟೆ ಅನ್ನಲ್ವಾ?"

ಕಿವಿಯಕ್ಕನಿಗೆ ಮುಖ ಎತ್ತಿ ನೋಡಲಾಗಲಿಲ್ಲ. ಸೊಸೆ ಠಾಣೆಯ ಎಸ್ಸೈ. ಮನೆಯಲ್ಲಿ ಅತ್ತೆಯ ಕಾಲು ಒತ್ತುವ ಹುಡುಗಿ, ಠಾಣೆಯಲ್ಲಿ ಯಾರ ಮುಲಾಜಿಗೂ ಬೀಳದವಳು. ಇಪ್ಪತ್ತೆರಡು ವರ್ಷ ಮಣ್ಣು ತುಳಿದ ಮನುಷ್ಯನನ್ನು ಕಳ್ಳನ ಬೆಂಚಿನ ಮೇಲೆ ಕೂರಿಸಿದ್ದು ಅತ್ತೆಗೇ ಚುಚ್ಚಿತ್ತು.

"ಮೇಷ್ಟ್ರೇ, ನಿಮಗಾಗಿ ನಾನು ನಿಲ್ತೀನಿ. ಇನ್ನು ಹದಿನೆಂಟು ನಿಮಿಷ ಇದೆ."

ಅವರು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಿರುಪನ್ನು ಗಡಗಡ ತಿರುಗಿಸಿದರು. ಭಟ್ಟಿಯ ಗುಂಯ್‌ಗಾಟ ಹಠಾತ್ತನೆ ನಿಂತಿತು.

ಆ ನಿಶ್ಶಬ್ದವೇ ಇಡೀ ಶೆಡ್ಡಿಗೆ ಕೂಗಿ ಕರೆದಂತಾಯಿತು. ಭಟ್ಟಿ ಆರಿತೆಂದರೆ ಏನೋ ಎಡವಟ್ಟಾಗಿದೆಯೆಂದು ಎಲ್ಲರಿಗೂ ಗೊತ್ತು. ಮುಖವಾಡದ ಕೋಣೆಯಿಂದ ಮೂವರು ಹೆಂಗಸರು ಮೊಣಕೈವರೆಗೆ ಪೇಪರ್ ಗಂಜಿ ಮೆತ್ತಿಕೊಂಡೇ ಓಡಿ ಬಂದರು. ಗಿರಾಕಿಗಳ ಮುಖಗಳನ್ನು ಇದ್ದಿಲಲ್ಲಿ ಬರೆಯುವ ಇಸ್ತ್ರಿಯಣ್ಣ ಬಂದ. ಅಟ್ಟದ ಮೇಲೆ ನಾಟಕದ ತಾಲೀಮಿನಲ್ಲಿದ್ದ ಕಂಡಕ್ಟರಣ್ಣ ತಗಡಿನ ಕಿರೀಟ ಹಾಕಿಕೊಂಡೇ ಇಳಿದ. ಮಗ್ಗದ ಕೋಣೆಯಿಂದ ಓರಗಿತ್ತಿಯರಿಬ್ಬರು ಬಂದು ಬಾಗಿಲಿನ ಆ ಕಡೆಗೊಬ್ಬಳು ಈ ಕಡೆಗೊಬ್ಬಳು ನಿಂತರು. ಮನೆಯಲ್ಲಿ ಒಂಬತ್ತು ವರ್ಷದಿಂದ ಪರಸ್ಪರ ಮಾತಿಲ್ಲ. ಶೆಡ್ಡಿನಲ್ಲಿ ಒಂದೇ ಮಗ್ಗಕ್ಕೆ ಒಬ್ಬಳು ಎಡದಿಂದ ಲಾಳಿ ಎಸೆದರೆ ಇನ್ನೊಬ್ಬಳು ಬಲದಿಂದ ಹಿಡಿಯುತ್ತಾಳೆ. ನೇಯ್ದ ಬಟ್ಟೆಯಲ್ಲಿ ಒಂದು ಎಳೆಯೂ ತಪ್ಪಿರುವುದಿಲ್ಲ.

ಕಿವಿಯಕ್ಕ ನಾಲ್ಕು ಮಾತಿನಲ್ಲಿ ವಿಷಯ ಹೇಳಿ ಮುಗಿಸಿದಳು. "ಬಾಗಿಲು ತೆಗೆದ್ರೆ ನಿಮ್ಮ ಮಡಕೆಗಳು ಒಡೀಬಹುದು. ತೆಗೀದಿದ್ರೆ ಪತ್ರ ಸುಡಬಹುದು. ಒಳಗಿರೋದೆಲ್ಲ ನಿಮ್ಮ ಕೈಯಿಂದ ಮಾಡಿದ್ದು, ನೀವೇ ಹೇಳಿ."

ಇಸ್ತ್ರಿಯಣ್ಣ ತನ್ನ ತಾಯಿಯ ಮುಖವನ್ನು ಮಣ್ಣಿನಲ್ಲಿ ಮಾಡಿ ಒಳಗಿಟ್ಟಿದ್ದ. ತಾಯಿಯ ಫೋಟೋ ಅವನ ಬಳಿ ಇರಲಿಲ್ಲ, ನೆನಪಿನಿಂದಲೇ ಮಾಡಿದ್ದು.

ಹಿರಿಯ ಓರಗಿತ್ತಿ ಸೆರಗು ಸಿಕ್ಕಿಸಿದಳು. "ಒಡೆದ್ರೆ ಇನ್ನೊಂದು ಮಾಡ್ಕೋಬಹುದು. ಶೆಡ್ಡೇ ಹೋದ್ರೆ ಎಲ್ಲಿ ಕೂತು ಮಾಡೋದು? ತೆಗೀರಿ."

"ಅಕ್ಕ ಹೇಳಿದ್ದೇ ಸರಿ," ಅಂದಳು ಕಿರಿಯವಳು.

ಎಲ್ಲರೂ ಭಟ್ಟಿಯನ್ನು ಮರೆತು ಅವಳ ಕಡೆ ಬಾಯಿಬಿಟ್ಟುಕೊಂಡು ನೋಡಿದರು. ಹಿರಿಯವಳಂತೂ ಕಣ್ಣು ಮಿಟುಕಿಸುವುದನ್ನೇ ಮರೆತಳು.

"ಒಂಬತ್ತು ವರ್ಷದ ಮೇಲೆ ಬಾಯಿ ಬಿಟ್ಲಪ್ಪೋ!" ಕಂಡಕ್ಟರಣ್ಣ ಕಿರೀಟ ತೆಗೆದು ನೆಲಕ್ಕೆ ಬಗ್ಗಿದ. "ಮೇಷ್ಟ್ರೇ, ಇನ್ನೇನು ಯೋಚನೆ? ರೈಟ್ ರೈಟ್!"

ಇಸ್ತ್ರಿಯಣ್ಣ ಹೋಗಿ ಗೋಣಿಚೀಲಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಂದು ಮೇಷ್ಟ್ರ ತೋಳಿಗೆ ತಾನೇ ಸುತ್ತತೊಡಗಿದ.

ಅಗುಳಿ ಕಿರ್ರೆಂದಿತು. ಬಾಗಿಲು ಒಂದು ಬೆರಳಿನಷ್ಟು, ಒಂದು ಗೇಣಿನಷ್ಟು, ಆಮೇಲೆ ಪೂರ್ತಿ ತೆರೆಯಿತು. ಬಿಸಿಗಾಳಿ ರಪ್ಪನೆ ಮುಖಕ್ಕೆ ಬಡಿದು ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ತಳ್ಳಿತು. ಒಳಗೆ ಮೂರು ಅಂತಸ್ತು. ಹೂಜಿ, ಬಟ್ಟಲು, ಕುದುರೆ, ಹಕ್ಕಿ, ಒಬ್ಬ ಮುದುಕಿಯ ಮುಖ.

ಠಳ್.

ಮೊದಲ ಬಿರುಕು. ಯಾರೋ "ಅಯ್ಯೋ" ಅಂದರು.

ಠಳ್. ಠಳಕ್. ಮುಂಗಾರಿನ ಮೊದಲ ಆಲಿಕಲ್ಲುಗಳಂತೆ ಅಲ್ಲೊಂದು ಇಲ್ಲೊಂದು ಸದ್ದು ಬೀಳುತ್ತಿತ್ತು. ಮೇಷ್ಟ್ರು ಉದ್ದನೆಯ ಇಕ್ಕಳ ಹಿಡಿದು ಕೊನೆಯ ಅಂತಸ್ತಿನ ಹಿಂಬದಿಗೆ ಕೈಚಾಚಿದರು. ಒದ್ದೆ ಗೋಣಿಯಿಂದ ಹಬೆ ಏಳುತ್ತಿತ್ತು.

"ಎಡಕ್ಕೆ ಮೇಷ್ಟ್ರೇ, ಎಡಕ್ಕೆ!"

"ಕಾಣ್ತಿದೆ, ಸುಮ್ನಿರೋ ಮಹಾರಾಜ!"

ಇಕ್ಕಳ ಕಚ್ಚಿತು, ಜಾರಿತು, ಮತ್ತೆ ಕಚ್ಚಿತು. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು, ಬೂಟುಗಾಲಿನ ಓಟ ಕೇಳಿಸಿತು, ಸಮವಸ್ತ್ರದಲ್ಲಿದ್ದ ಸೊಸೆ ಗುಂಪನ್ನು ಸೀಳಿಕೊಂಡು ಒಳಗೆ ಬಂದಳು.

"ಅತ್ತೆ! ಏನಿದು? ಭಟ್ಟಿ ಯಾಕೆ ತೆಗೆದಿರಿ? ಯಾರು ತೆಗೆಯೋಕೆ ಹೇಳಿದ್ದು?"

"ನಾನೇ ಹೇಳಿದ್ದು ಕಣಮ್ಮ. ಪಕ್ಕಕ್ಕೆ ಬಾ, ಬಿಸಿ."

ಮೇಷ್ಟ್ರು ಸೋರೆಕಾಯಿ ಮಡಕೆಯನ್ನು ಹೊರಗೆ ತಂದು ಮರಳಿನ ತಟ್ಟೆಯ ಮೇಲಿಟ್ಟರು. ಎಲ್ಲರೂ ಸುತ್ತ ಬಗ್ಗಿದರು. ಕಿವಿಯಕ್ಕ ಕೈ ಎತ್ತಿದಳು. ಗುಂಪು ತಣ್ಣಗಾಯಿತು. ಮೇಷ್ಟ್ರು ಇಕ್ಕಳದಿಂದ ಮಡಕೆಯನ್ನು ಸ್ವಲ್ಪವೇ ವಾಲಿಸಿದರು.

ಸರಕ್.

ಇನ್ನು ಯಾರಿಗೂ ಹೇಳಬೇಕಾಗಲಿಲ್ಲ. ಮೇಷ್ಟ್ರು ಸುತ್ತಿಗೆಯಿಂದ ಮೆಲ್ಲಗೆ ಒಂದೇ ಏಟು ಕೊಟ್ಟರು. ಮಡಕೆ ಎರಡು ಹೋಳಾಯಿತು. ನಡುವೆ, ಗೂಡಿನಲ್ಲಿ ಮಲಗಿದ ಮರಿಯಂತೆ, ಕೆಂಪು ದಾರ ಸುತ್ತಿದ ಕಾಗದದ ಸುರುಳಿ. ಅಂಚುಗಳು ಚಹಾದ ಬಣ್ಣಕ್ಕೆ ತಿರುಗಿದ್ದವು, ಇಸ್ತ್ರಿ ಕಾವು ಹೆಚ್ಚಾದ ಬಟ್ಟೆಯ ವಾಸನೆ. ಕಿವಿಯಕ್ಕ ಸೆರಗಿನಿಂದ ಹಿಡಿದು ಬಿಡಿಸಿದಳು. ಯಜಮಾನಿಯ ಸಹಿ ಇತ್ತು. ಮೊಹರು ಇತ್ತು. ಒಂದಕ್ಷರವೂ ಅಳಿಸಿರಲಿಲ್ಲ.

ಆಮೇಲೆ ಆ ಶೆಡ್ಡಿನಲ್ಲಿ ಎದ್ದ ಗದ್ದಲಕ್ಕೆ ತಗಡಿನ ಮಾಡೇ ಹಾರಿಹೋಗಬೇಕಿತ್ತು. ಕಂಡಕ್ಟರಣ್ಣ ಸಿಕ್ಕಸಿಕ್ಕವರಿಗೆಲ್ಲ ಕಿರೀಟ ತೊಡಿಸುತ್ತ ಕುಣಿದ. ಗಂಜಿಯ ಕೈಗಳು ಒಬ್ಬರನ್ನೊಬ್ಬರು ತಬ್ಬಿ ಎಲ್ಲರ ಬೆನ್ನ ಮೇಲೂ ಐದೈದು ಬೆರಳು ಮೂಡಿಸಿದವು. ಮೇಷ್ಟ್ರು ಮಾತ್ರ ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಎಸ್ಸೈಯ ಮುಂದೆ ಚಾಚಿದರು.

"ಹಾಕಮ್ಮ ಕೋಳ. ನನ್ನ ಭಟ್ಟೀಲೇ ಸಿಕ್ಕಿದ್ದು."

"ಆಮೇಲೆ ನೋಡೋಣ ಮೇಷ್ಟ್ರೇ. ಮೊದ್ಲು ಪತ್ರ ಮುಟ್ಟಲಿ." ಸೊಸೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅವಳು ಕೆಳಗೆ ಬಿದ್ದ ಹೋಳುಗಳನ್ನು ನೋಡುತ್ತಿದ್ದಳು. "ಈ ಮಡಕೆ ಯಾರದು?"

"ಹೆಸರಿಲ್ಲ. ಭಟ್ಟಿ ಪುಸ್ತಕದಲ್ಲೂ ಬರೆದಿಲ್ಲ."

"ಯಾರದು ಅಂತ ಯಾರಿಗೂ ಗೊತ್ತಿಲ್ವಾ?"

"ಇಲ್ಲಮ್ಮ."

ಇಸ್ತ್ರಿಯಣ್ಣ ಜೇಬಿನಿಂದ ಫೋನು ತೆಗೆದ. "ಒಂದು ಫೋಟೋ ಹೊಡ್ಕೊಂಡು ಬಿಡೋಣ, ಸೇಫ್ಟಿಗೆ."

"ಬೇಡಣ್ಣ, ಬಿಸಿ ಕಾಗದ, ಬಿಡಿಸಿ ಬಿಡಿಸಿ ಹರಿದೀತು. ಅವರಿಗೆ ಬೇಕಾಗಿರೋದು ಅಸಲು." ಅವಳು ಸುರುಳಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಅಂಗಿಯ ಒಳಗಿಟ್ಟಳು. "ನಗರಸಭೆಗೆ ಜೀಪಲ್ಲೂ ನಲವತ್ತು ನಿಮಿಷ. ಅಧ್ಯಕ್ಷರು ಅಲ್ಲೇ ಕಾಯ್ತಿದಾರೆ. ನಾನು ಹೊರಟೆ."

"ನಾನೂ ಬರ್ತೀನಿ, ತಡಿ," ಅಂದಳು ಕಿವಿಯಕ್ಕ.

"ಮನೇಲಿ ಮಾವ ಒಬ್ರೇ ಇದಾರಲ್ಲ ಅತ್ತೆ. ಬೆಳಿಗ್ಗೆ ಎಷ್ಟು ಹಾರಾಡಿದ್ರು ನೋಡಿದ್ರಲ್ಲ. ನೀವು ಅವರ ಹತ್ರ ಹೋಗಿ." ಬಾಗಿಲಲ್ಲಿ ನಿಂತು ಅತ್ತೆಯ ಕೈ ಒಮ್ಮೆ ಅದುಮಿದಳು. "ನಿಮ್ಮ ಕಿವಿಗೆ ಸರ್ಕಾರ ಪದಕ ಕೊಡಬೇಕು."

ಜೀಪು ಧೂಳೆಬ್ಬಿಸಿ ಹೋಯಿತು. ಮೂರು ಗಂಟೆ ಐದು ನಿಮಿಷ. ಕಿವಿಯಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕಳ್ಳ ಯಾರೆಂದು ನಾಳೆ ಹುಡುಕಿದರಾಯಿತು. ಶೆಡ್ಡು ಉಳಿಯಿತು.

ಒಳಗೆ ಇಸ್ತ್ರಿಯಣ್ಣ ಭಟ್ಟಿಯ ಮುಂದೆ ಮಂಡಿಯೂರಿದ್ದ. ತಾಯಿಯ ಮುಖದ ಕೆನ್ನೆಯ ಮೇಲೆ ಒಂದು ಸಣ್ಣ ಗೆರೆ, ಅಷ್ಟೇ. "ನಗುವಾಗ ನಮ್ಮಮ್ಮನಿಗೆ ಅಲ್ಲೇ ಗೆರೆ ಬೀಳ್ತಿತ್ತು," ಎಂದು ಅವನು ಯಾರಿಗೋ ಹೇಳುತ್ತಿದ್ದ.

ಕಿವಿಯಕ್ಕ ನಗುತ್ತ ಬಗ್ಗಿ, ಯಾರ ಕಾಲಿಗಾದರೂ ಚುಚ್ಚೀತೆಂದು ಸೋರೆಕಾಯಿ ಮಡಕೆಯ ಹೋಳುಗಳನ್ನು ಆಯತೊಡಗಿದಳು.

"ಮೇಷ್ಟ್ರೇ, ಮಡಕೆ ಮೇಲೆ ಇದೇನು ಗುರುತು?"

ದೊಡ್ಡ ಹೋಳಿನ ಹೊರಮೈಯಲ್ಲಿ ಒಂದು ದುಂಡನೆಯ ಕುಳಿ. ಕುಳಿಯ ನಡುವೆ ನಾಲ್ಕು ಪುಟ್ಟ ಉಬ್ಬುಗಳು. ಸ್ವಲ್ಪ ಕೆಳಗೆ ಇನ್ನೊಂದು, ಅದು ಸಣ್ಣದು.

ಮೇಷ್ಟ್ರು ಕನ್ನಡಕ ಏರಿಸಿದರು. ಅವರ ಮುಖದ ಮೇಲಿದ್ದ ಸಂಭ್ರಮ ಮೆಲ್ಲನೆ ಇಳಿಯಿತು. "ಗುಂಡಿ. ಅಂಗಿ ಗುಂಡಿ. ಎರಡೂ ಕೈ ಇರೋರು ಮಡಕೇನ ಒಂದು ಕೈಲಿ ಹಿಡಿದು ಇನ್ನೊಂದರಲ್ಲಿ ಬಾಯಿ ಮುಚ್ತಾರೆ. ಒಂದೇ ಕೈ ಆಡೋರು..." ಅವರು ಗಾಳಿಯಲ್ಲಿ ಒಂದು ಮಡಕೆಯನ್ನು ಎದೆಗೆ ಒತ್ತಿಕೊಂಡು ತೋರಿಸಿದರು. "ಹೀಗೆ ಎದೆಗೆ ಒತ್ತಿ ಹಿಡ್ಕೋಬೇಕು. ಹಸಿ ಮಣ್ಣಲ್ಲಿ ಗುಂಡಿ ಒತ್ತತ್ತೆ."

ಶೆಡ್ಡಿಗೆ ಬರುವವರಲ್ಲಿ ಒಂದೇ ಕೈ ಆಡುವವರು ಒಬ್ಬರೇ, ಕಿವಿಯಕ್ಕನ ಗಂಡ.

ಮೇಲಿನ ಗುಂಡಿ ದೊಡ್ಡದು, ಕೆಳಗಿನದು ಸಣ್ಣದು. ಅವರ ಅಂಗಿಯ ಮೂರನೇ ಗುಂಡಿ ಕಳೆದುಹೋದಾಗ ತನ್ನ ಆಸ್ಪತ್ರೆಯ ಹಳೇ ಕೋಟಿನ ದಪ್ಪ ಗುಂಡಿಯನ್ನು ಕಿತ್ತು ಹೊಲಿದವಳು ಅವಳೇ. ಹೊಲಿದು, "ಚೆನ್ನಾಗೇ ಕಾಣತ್ತೆ ಬಿಡ್ರೀ," ಎಂದು ಎದೆ ತಟ್ಟಿದ್ದವಳೂ ಅವಳೇ.

"ಯಾರಿಗೂ ಹೇಳಬೇಡಿ ಮೇಷ್ಟ್ರೇ," ಎಂದಳು. ಆ ಹೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಿದ್ದಳು.

ಮನೆಗೆ ಎರಡು ಬೀದಿ. ನಡೆದಳೋ ಓಡಿದಳೋ ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆಯ ನೋಟ ಕಣ್ಣ ಮುಂದೆ ಬಂದು ನಿಂತಿತ್ತು. ಭಟ್ಟಿಗೆ ಮಡಕೆ ತುಂಬುತ್ತಿದ್ದಾಗ ಯಜಮಾನರು ಊರುಗೋಲಿನಿಂದ ನೆಲ ಬಡಿಬಡಿದು "ಆ... ಆ..." ಎಂದು ಕೂಗಿಕೊಂಡಿದ್ದರು. ಬಿ.ಪಿ. ಏರಿದೆ ಎಂದು ಒಬ್ಬರು, ಹಸಿವಾಗಿರಬೇಕು ಎಂದು ಇನ್ನೊಬ್ಬರು. ಸೊಸೆಯೇ ಜೀಪಿನಲ್ಲಿ ಕೂರಿಸಿ ಮನೆಗೆ ಬಿಟ್ಟುಬಂದಿದ್ದಳು. ಸುಡಬೇಡಿ, ಅದನ್ನು ಸುಡಬೇಡಿ ಎಂದು ಕೂಗಿದ್ದರೇನೋ ಮನುಷ್ಯ. ಊರಿಗೆಲ್ಲ ಕಿವಿಯಾದವಳು ಗಂಡನಿಗೆ ಕಿವುಡಿಯಾಗಿದ್ದಳು.

ಎಂಟು ತಿಂಗಳ ಹಿಂದಿನವರೆಗೆ ಪ್ರತಿ ಬೆಳಿಗ್ಗೆ ಆ ಮನೆ ಎಚ್ಚರಗೊಳ್ಳುತ್ತಿದ್ದುದು ಅವರ ಪದ್ಯದ ಓದಿನಿಂದ. ಪಾರ್ಶ್ವವಾಯು ಬಲಗೈಯನ್ನು ತೆಗೆದುಕೊಂಡಿತು, ಮಾತನ್ನು ತೆಗೆದುಕೊಂಡಿತು, ಬರೆಯುವ ಅಕ್ಷರಗಳನ್ನೂ ತೆಗೆದುಕೊಂಡಿತು. ತಲೆ ಒಂದೇ ಸಮ ಅಲ್ಲಾಡುತ್ತಿತ್ತು, ಹೌದಿಗೂ ಅದೇ, ಅಲ್ಲಕ್ಕೂ ಅದೇ. ಡಾಕ್ಟರು ಕೈಚೆಲ್ಲಿದ ಮೇಲೆ ಭಟ್ಟಿ ಮೇಷ್ಟ್ರು ಒಂದು ಉಂಡೆ ಹಸಿಮಣ್ಣನ್ನು ಅವರ ಎಡಗೈಯಲ್ಲಿಟ್ಟರು. ಆವತ್ತು ಆ ಮುಖದ ಮೇಲೆ ಬಂದ ಬೆಳಕಿಗಾಗಿ ಕಿವಿಯಕ್ಕ ಈ ನಾಲ್ಕು ದಿನ ಊಟ ನಿದ್ದೆ ಬಿಟ್ಟು ಅಲೆದದ್ದು. ಶೆಡ್ಡು ಹೋದರೆ ಅವರಿಗೆ ಇನ್ನೊಂದು ಬೆಳಗು ಇರಲಿಲ್ಲ.

ಅವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಕಿವಿಯಕ್ಕ ಹೋಳನ್ನು ಅವರ ಮಡಿಲಲ್ಲಿಟ್ಟಳು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು. ಕಣ್ಣು ತುಂಬಿ ಬಂತು.

"ಪತ್ರ ಸುಟ್ಟಿಲ್ಲ ರೀ. ಸಿಕ್ತು. ಚೆನ್ನಾಗಿದೆ."

ಅವರ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು.

ಅವಳು ಸ್ಟೂಲು ಎಳೆದು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರು ಕೂತಳು. ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಸಾವಿರಾರು ಜನರ ಎದುರು ಹೀಗೇ ಕೂತಿದ್ದಳು. ಇಷ್ಟು ತಿಂಗಳು ಇದು ತನಗೇಕೆ ಹೊಳೆಯಲಿಲ್ಲ? ಅವರ ಎಡಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟಳು.

"ಕೇಳಿ ಇಲ್ಲಿ. ತಲೆ ಆಡಿಸಬೇಡಿ, ಅದರ ಪಾಡಿಗೆ ಅದು ಆಡಲಿ. ನಾನು ಹೇಳಿದ್ದು ಹೌದಾದ್ರೆ ಈ ತೋರುಬೆರಳು ಎತ್ತಿ. ಅಲ್ಲ ಅಂದ್ರೆ ಸುಮ್ನಿರಿ. ಒಂದು ಮುಗಿದ ಮೇಲೆ ಬೆರಳು ಇಳಿಸಿ. ತಿಳೀತಾ?"

ಒಂದು ಕ್ಷಣ. ಎರಡು. ಬೆರಳು ಎದ್ದಿತು, ಇಳಿಯಿತು.

ಅವಳಿಗೆ ಅಳು ಉಕ್ಕಿ ಬಂತು. ಎಂಟು ತಿಂಗಳಲ್ಲಿ ಗಂಡ ಆಡಿದ ಮೊದಲ ಮಾತು. ಅಳಲು ಹೊತ್ತಿರಲಿಲ್ಲ.

"ಪತ್ರಾನ ಮಡಕೆಯೊಳಗೆ ಇಟ್ಟಿದ್ದು ನೀವಾ?"

ಬೆರಳು ಎದ್ದಿತು.

"ಬೀರುವಿನಿಂದ ತೆಗೆದಿದ್ದೂ ನೀವಾ?"

ಬೆರಳು ಅಲ್ಲಾಡಲಿಲ್ಲ.

"ಬೇರೆ ಕಡೆ ಸಿಕ್ತು. ಕಚೇರೀಲಿ? ಮಗ್ಗದ ಹತ್ರ? ಅಟ್ಟದ ಮೇಲೆ? ಮುಖವಾಡದ ಕೋಣೇಲಿ?"

ಎದ್ದಿತು.

ಮುಖವಾಡದ ಕೋಣೆ. ಅಲ್ಲೇನಿದೆ? ಗಂಜಿಯ ತೊಟ್ಟಿ, ಅಚ್ಚುಗಳು, ಮೂಲೆಯಲ್ಲಿ ಊರಿನ ಮನೆಮನೆಯಿಂದ ಬಂದ ರದ್ದಿ ಪೇಪರಿನ ರಾಶಿ. ಹೆಂಗಸರು ದಿನಾ ಬೆಳಿಗ್ಗೆ ಹರಟೆ ಹೊಡೆಯುತ್ತ, ಕೈಗೆ ಬಂದ ಕಾಗದವನ್ನು ಕಣ್ಣೆತ್ತಿಯೂ ನೋಡದೆ ಹರಿದು ಚೂರು ಮಾಡಿ ತೊಟ್ಟಿಗೆ ಹಾಕುತ್ತಾರೆ.

"ರದ್ದಿ ರಾಶಿಯೊಳಗಾ?"

ಎದ್ದಿತು.

ಎಂಥ ತಲೆ! ಕದ್ದವರು ಬೆಂಕಿ ಹಚ್ಚಬೇಕಾಗಿರಲಿಲ್ಲ, ಹೊಳೆಗೆ ಎಸೆಯಬೇಕಾಗಿರಲಿಲ್ಲ. ಶೆಡ್ಡನ್ನು ಉಳಿಸಲು ಪ್ರಾಣ ಕೊಡುವ ಹೆಂಗಸರೇ ತಮ್ಮ ಕೈಯಾರೆ ಅದನ್ನು ಹರಿದು, ಕಲಸಿ, ಮುಖವಾಡದ ಮೂಗು ಮಾಡಿಬಿಡುತ್ತಿದ್ದರು. ಅದರ ಎದುರಿಗೇ ಇರುವ ಮಣ್ಣಿನ ಕೋಣೆಯ ಮೂಲೆಯಲ್ಲಿ ಸದ್ದಿಲ್ಲದೆ ಕೂತ ಮೂಕ ಮುದುಕರೊಬ್ಬರಿದ್ದಾರೆಂಬುದು ಆ ಕಳ್ಳರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

"ಅಲ್ಲಿ ಇಟ್ಟವರನ್ನ ಕಣ್ಣಾರೆ ನೋಡಿದ್ರಾ?"

ಎದ್ದಿತು.

"ಮತ್ತೆ ನನ್ನ ಕೈಗೆ ಯಾಕೆ ಕೊಡಲಿಲ್ಲ ರೀ?" ಬೆರಳಿನಿಂದ ಹೇಳುವ ಉತ್ತರವಲ್ಲ ಅದು. ಅವಳು ಪ್ರಶ್ನೆ ತಿರುಗಿಸಿದಳು. "ನನ್ನ ಕೈಗೆ ಕೊಟ್ರೆ ಮತ್ತೆ ಕದ್ದವರ ಕೈಗೇ ಹೋಗತ್ತೆ ಅಂತ ಹೆದರಿದ್ರಾ?"

ಬೆರಳು ಎದ್ದಿತು. ಇಳಿಯಲು ತುಸು ತಡವಾಯಿತು.

ಕಿವಿಯಕ್ಕ ಒಣಗಿದ ತುಟಿ ಸವರಿಕೊಂಡಳು. "ಅಧ್ಯಕ್ಷರಾ?"

ಇಲ್ಲ.

"ಭಟ್ಟಿ ಮೇಷ್ಟ್ರಾ?"

ಇಲ್ಲ. ಇಲ್ಲ ಎಂಬಂತೆ ಬೆರಳು ತೊಡೆಯೊಳಗೆ ಒತ್ತಿಕೊಂಡಿತು.

"ಕಂಡಕ್ಟರಣ್ಣ? ಇಸ್ತ್ರಿಯಣ್ಣ? ಶೆಡ್ಡಿನವರು ಯಾರಾದ್ರೂ?"

ಬೆರಳು ಮಿಸುಕಲಿಲ್ಲ. ಆದರೆ ಅವರ ಕಣ್ಣು ಅವಳ ಮುಖ ಬಿಟ್ಟು ಒಳಕೋಣೆಯ ಬಾಗಿಲಿಗೆ ಹೋಯಿತು, ಮರಳಿ ಬಂತು. ಅವಳಿಗೆ ಅರ್ಥವಾಯಿತು, ಆಗಬಾರದಿತ್ತು ಅನ್ನಿಸಿತು.

"ನಮ್ಮ ಮನೆಯವರಾ?"

ಬೆರಳು ಎದ್ದಿತು.

ಮನೆಯಲ್ಲಿ ಇರುವವರು ನಾಲ್ಕು ಜನ. ಕೇಳಿದವಳು, ಕೇಳಿಸಿಕೊಂಡವರು, ಇನ್ನಿಬ್ಬರು.

"ಮಗನಾ?" ಮಗ ನಗರಸಭೆಯಲ್ಲೇ ಜಾಗಗಳ ಅಳತೆ ಮಾಡುವ ಕೆಲಸದವನು. "ದೇವರಾಣೆ ನಿಜ ಹೇಳಿ. ನಮ್ಮ ಮಗನಾ?"

ಬೆರಳು ಅಲ್ಲಾಡಲಿಲ್ಲ. ಅವಳು ಕಾದಳು. ಅಲ್ಲಾಡಲಿಲ್ಲ. ತಡೆದಿದ್ದ ಉಸಿರು ಬಿಡುಗಡೆಯಾಯಿತು. ಮರುಕ್ಷಣವೇ ಮತ್ತೆ ಸಿಕ್ಕಿಕೊಂಡಿತು.

ಕಿವಿ ಪರೀಕ್ಷೆಯಲ್ಲಿ ಸದ್ದನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಗಬೇಕು. ಕೊನೆಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದಾದಾಗ ರೋಗಿಯ ಬೆರಳು ಎದ್ದರೆ, ಆ ಬೆರಳು ಸುಳ್ಳು ಹೇಳುವುದಿಲ್ಲ. ಅವಳು ಮುಂದಕ್ಕೆ ಬಗ್ಗಿದಳು. ತುಟಿಯಿಂದ ಹೊರಟದ್ದು ದನಿಯಲ್ಲ, ಬರೀ ಗಾಳಿ.

"ಸೊಸೆ?"

ಬೆರಳು ಎದ್ದಿತು.

ಕಾಲು ಒತ್ತುವ ಹುಡುಗಿ. ಜೀಪಿನಲ್ಲಿ ಮಾವನನ್ನು ದಿನಾ ಶೆಡ್ಡಿಗೆ ಬಿಡುವ ಹುಡುಗಿ. ಬೀಗದಕೈ ಎಲ್ಲಿ ಸಿಕ್ಕಿತು, ಯಾಕೆ ಮಾಡಿದಳು, ಯಾರಿಗಾಗಿ ಮಾಡಿದಳು ಎಂದು ಯೋಚಿಸುವ ಮೊದಲೇ ಕಿವಿಯಕ್ಕನಿಗೆ ಬಿಸಿ ಕಾಗದದ ಸುರುಳಿ ಕಂಡಿತು. ತನ್ನ ಕೈಯಿಂದ ಹೋಗಿ ಆ ಅಂಗಿಯೊಳಗೆ ಸೇರಿದ ಸುರುಳಿ. ಫೋಟೋ ಕೂಡ ಇಲ್ಲ. ತಾನೇ ಕೊಟ್ಟಿದ್ದಳು.

ಗಡಿಯಾರ ನೋಡಿದಳು. ಮೂರೂವರೆ. ಜೀಪು ಈಗ ನಗರಸಭೆಯ ಅರ್ಧ ದಾರಿ ದಾಟಿರಬೇಕು. ಮೇಷ್ಟ್ರಿಗೆ ಫೋನ್ ಮಾಡಬೇಕು, ಅಧ್ಯಕ್ಷರಿಗೆ ಹೇಳಬೇಕು, ದಾರಿಯಲ್ಲೇ ತಡೆಯಬೇಕು. ಏಳಲು ಹೊರಟವಳ ಕಿವಿಗೆ ಬೀದಿಯ ತಿರುವಿನಿಂದ ಒಂದು ಸದ್ದು ಬಿತ್ತು. ಅವಳು ಕಲ್ಲಾದಳು.

ಎರಡನೇ ಗೇರಿನಲ್ಲಿ ಕೆಮ್ಮುವ ಇಂಜಿನ್ನು. ಊರಲ್ಲಿ ಹಾಗೆ ಕೆಮ್ಮುವ ಜೀಪು ಒಂದೇ.

ಅದು ಗೇಟಿನ ಮುಂದೆ ನಿಂತಿತು. ಜೀಪಿನ ಬಾಗಿಲು ಬಡಿಯಿತು. ಬೂಟು ಮೆಟ್ಟಿಲು ಹತ್ತತೊಡಗಿತು. ಇನ್ನೊಬ್ಬರದ್ದೂ ಹೆಜ್ಜೆ ಅದರ ಹಿಂದೆಯೇ ಬರುತ್ತಿತ್ತು, ಅವಳ ಕಿವಿಗೆ ಗುರುತಿಲ್ಲದ ಹೆಜ್ಜೆ.

"ಅತ್ತೆ," ಹೊರಗಿನಿಂದ ಸೊಸೆಯ ದನಿ, ದಿನದ ಹಾಗೇ ಮೆತ್ತಗೆ. "ಬಾಗಿಲು ತೆಗೀರಿ. ಮಾವನ ಹತ್ರ ಸ್ವಲ್ಪ ಕೆಲಸ ಇದೆ."

ಎತ್ತಿದ ಬೆರಳನ್ನು ಯಜಮಾನರು ಇನ್ನೂ ಇಳಿಸಿರಲಿಲ್ಲ. ಈಗ ಅದು ಮೇಲೆ ಬಂತು, ಮೆಲ್ಲನೆ ಅವರ ತುಟಿಯ ಮೇಲೆ ಅಡ್ಡಲಾಗಿ ನಿಂತಿತು.